ಏಕಪ್ಪನ ರೊಟ್ಟಿ ಬಣ್ಣ

ಈಗಿನ ಡಾಂಬರು ರಸ್ತೆ ಇನ್ನೂ ಎರೆಮಣ್ಣಿನ ಬಂಡಿದಾರಿಯಾಗಿದ್ದ ಕಾಲ. ಆಗ ಮುತ್ತಲಗಟ್ಟಿ ಅನ್ನೋ ಊರಲ್ಲಿ ಏಕಪ್ಪ ಅಂತ ಒಬ್ಬ ಚಿತ್ರಗಾರ ಇದ್ದನಂತೆ. ಕೂಡ್ರಿ, ಹೇಳ್ತೀನಿ. ನಾನು ಅವನನ್ನು ಕಂಡವನಲ್ಲ, ನಮ್ಮಜ್ಜಿ ಕಂಡಿದ್ದಳು. ಅವಳು ಹೇಳಿದ್ದಕ್ಕೆ ಊರು ಸ್ವಲ್ಪ ಸೇರಿಸಿದೆ, ನಾನೂ ಸ್ವಲ್ಪ ಸೇರಿಸಿರಬಹುದು.

ಏಕಪ್ಪನ ಮನೆತನದವರು ತೊಟ್ಟಿಲಿಗೆ, ಬಾಸಿಂಗಕ್ಕೆ ಬಣ್ಣ ಬರೆಯುವವರು. ಆ ದಾರಿಗೆ ಮೋಟಾರು ಬಂದ ಮೇಲೆ ಇವನು ಮೋಟಾರಿಗೆ ಬಣ್ಣ ಹಚ್ಚಲು ಕಲಿತನಂತೆ. ಡಬ್ಬಿಯ ಮುಚ್ಚಳ ತೆಗೆದು ಮೂಸಿದರೆ ಸಾಕು, ಈ ಬಣ್ಣ ಎಷ್ಟು ಮಳೆ ತಾಳುತ್ತದೆ ಅಂತ ಹೇಳುತ್ತಿದ್ದನಂತೆ. ಅವನು ಬಣ್ಣ ಹಚ್ಚಿದ ಮೋಟಾರಿನ ಬಾಗಿಲಲ್ಲಿ ಹುಡುಗಿಯರು ಮುಖ ನೋಡಿಕೊಂಡು ಕುಂಕುಮ ತಿದ್ದಿಕೊಳ್ಳುತ್ತಿದ್ದರಂತೆ. ಒಂದು ಗುಬ್ಬಿ ತನ್ನ ಬಿಂಬವನ್ನೇ ಕುಕ್ಕಿ ಕುಕ್ಕಿ ಕೊಕ್ಕು ಮುರಿದುಕೊಂಡಿತಂತೆ. ಗುಬ್ಬಿಯ ಮಾತು ಮಾತ್ರ ನಾನು ನಂಬುವುದಿಲ್ಲ.

ಒಂದು ಸಲ ಊರ ದೇಸಾಯರ ಲಾರಿಗೆ ಒಳಗೂ ಹೊರಗೂ ಕರಿಬಣ್ಣ ಹಚ್ಚಿದ. ಬಾನೆಟ್ ಎತ್ತಿದರೆ ಇಂಜಿನ್ನಿನ ಗೂಡೂ ಕನ್ನಡಿಯಂತೆ ಹೊಳೆಯುತ್ತಿತ್ತಂತೆ. ನೋಡಿದವರೆಲ್ಲ ಹೊಗಳಿದರು. ಆ ಲಾರಿ ಓಡಿಸುತ್ತಿದ್ದವನು ಏಕಪ್ಪನ ಅಕ್ಕನ ಗಂಡ ಭರಮಣ್ಣ. ಎರಡು ತಿಂಗಳಿಗೆ ಪೆಟ್ರೋಲ್ ಪೈಪು ಸೀಳಿ ಸೋರತೊಡಗಿತು. ಕರಿಯ ಮೇಲೆ ಸೋರಿದ್ದು ಯಾರ ಕಣ್ಣಿಗೆ ಬೀಳಬೇಕು? ಬೆಂಕಿ ಹತ್ತಿತು. ಭರಮಣ್ಣ ಬದುಕಿದ. ಆದರೆ ಎರಡೂ ಕೈ ಸುಟ್ಟು ಬೆರಳು ಮುದುಡಿಹೋದವು.

ಅಕ್ಕ ಒಂದು ಮಾತೂ ಬಯ್ಯಲಿಲ್ಲವಂತೆ. ಗಂಡನಿಗೆ ತುತ್ತು ಮಾಡಿ ಉಣ್ಣಿಸುತ್ತಾ ಕೂತಿದ್ದಳು. ಅದನ್ನು ನೋಡಿದ ಏಕಪ್ಪ ಒಂದು ವರ್ಷ ಕುಂಚ ಮುಟ್ಟಲಿಲ್ಲ. ಕೊನೆಗೆ ಭರಮಣ್ಣನೇ ಬಂದು ಅಂದನಂತೆ: “ಮಾರಾಯಾ, ಪೈಪ್ ಒಡದದ್ದಕ್ಕ ನೀ ಏನ್ ಮಾಡ್ತಿ? ಆದ್ರ ಒಡದದ್ದು ಕಾಣೋಹಂಗ ಮಾಡು. ಅಷ್ಟು ನಿನ್ನ ಕೈಯಾಗ ಐತಿ.”

ಅವತ್ತಿನಿಂದ ಏಕಪ್ಪನಿಗೆ ಅದೇ ಹುಚ್ಚು. ತಗಡಿನ ತುಂಡುಗಳಿಗೆ ಒಂದೊಂದು ಬಣ್ಣ ಹಚ್ಚಿದ. ಕಾದ ಸೈಲೆನ್ಸರ್ ಮೇಲಿಟ್ಟು ನೋಡಿದ, ಬ್ಯಾಟರಿ ನೀರು ಹನಿಸಿ ನೋಡಿದ, ಪೆಟ್ರೋಲಿನಲ್ಲಿ ಅದ್ದಿ ನೋಡಿದ. ಸುಣ್ಣದಂಥ ಬಿಳಿ ಕಾವಿಗೆ ಸುಟ್ಟಂತಾಯಿತು. ಬೂದಿ ಬಣ್ಣದ ಮೇಲೆ ಧೂಳು ಯಾವುದು, ಎಣ್ಣೆ ಯಾವುದು ತಿಳಿಯಲಿಲ್ಲ. ಕೆಂಪು ಬಣ್ಣ ಕಲೆಯನ್ನೇ ನುಂಗಿತು. ಒಂದು ದಿನ ಉಣ್ಣುವಾಗ ಅಕ್ಕ ಬಡಿದ ಜೋಳದ ರೊಟ್ಟಿಯ ಮೇಲೆ ಒಂದು ಹನಿ ಎಣ್ಣೆ ಬಿತ್ತಂತೆ, ಬಿದ್ದದ್ದು ಎದ್ದು ಕಂಡಿತಂತೆ. ಏಕಪ್ಪ ಊಟ ಬಿಟ್ಟು ರೊಟ್ಟಿ ಹಿಡಿದುಕೊಂಡೇ ಎದ್ದನಂತೆ. ಬಿಳಿಗೆ ಚೂರು ಹಳದಿ, ಚೂರು ಕಂದು, ಕಾಳಿನಷ್ಟು ಕರಿ ಕಲಸಿದ. ಅದೇ ರೊಟ್ಟಿ ಬಣ್ಣ.

ಆಮೇಲೆ ಎಸ್ತೇರಮ್ಮನವರ ಕಾರು ಬಂತು. ಎಸ್ತೇರಮ್ಮ ಅಂದರೆ ಮಿಷನ್ ಆಸ್ಪತ್ರೆಯ ಡಾಕ್ಟರು. ಸುತ್ತ ನಲವತ್ತು ಹಳ್ಳಿಯ ಬಸುರಿಯರಿಗೆ ಅವರೇ ದಿಕ್ಕು. ದುಂಡು ದೀಪ, ಉದ್ದ ಮೂತಿಯ ಆ ಕಾರು ಆ ಕಾಲಕ್ಕೇ ಹಳೆಯದು. ಅದರ ವಾರಿಗೆಯ ಕಾರುಗಳೆಲ್ಲ ಗುಜರಿ ಸೇರಿದ್ದವು. ಅಮ್ಮ ಅದನ್ನು ಬಿಟ್ಟುಕೊಡಲಿಲ್ಲ, ತಾವೇ ಓಡಿಸುತ್ತಿದ್ದರು. ಒಳಗೂ ಹೊರಗೂ ಕರಿಬಣ್ಣವನ್ನೇ ಹಚ್ಚು, ಬಾನೆಟ್ ಒಳಗೆ ಯಾರು ನೋಡುತ್ತಾರೆ, ಬೇಗ ಮುಗಿಸು ಅಂದರಂತೆ. ಹೊರಗೆ ಹಚ್ಚುತ್ತೇನೆ, ಒಳಗೆ ಆಗುವುದಿಲ್ಲ ಅಂದ ಏಕಪ್ಪ.

“ಕಾರು ನಂದೋ ನಿಂದೋ?” ಅಂತ ಅಮ್ಮ ಸಿಟ್ಟಾದರು.

“ಕಾರು ನಿಮ್ದರೀ ಅವ್ವಾರ. ಒಳಗ ಕುಂಡ್ರಾವ್ರು ನಮ್ಮ ಹೆಣ್ಮಕ್ಕಳು.”

ಅಮ್ಮ ಎದ್ದು ಹೊರಟರು. ಏಕಪ್ಪ ಅಡ್ಡ ನಿಂತು ತಗಡುಗಳನ್ನು ಸಾಲಾಗಿ ಇಟ್ಟ. ಒಂದೊಂದರ ಮೇಲೆ ಒಂದೊಂದು ಹನಿ ಎಣ್ಣೆ ಬಿಟ್ಟು, ಹನಿ ಎಲ್ಲಿದೆ ತೋರಿಸಿರಿ ಅಂದ. ಅಮ್ಮ ಬಗ್ಗಿದರು, ಕನ್ನಡಕ ಒರೆಸಿಕೊಂಡರು, ಕರಿ ತಗಡಿನ ಮೇಲೆ ಬೆರಳಾಡಿಸಿ ಹುಡುಕಿದರು. ರೊಟ್ಟಿ ಬಣ್ಣದ ತಗಡಿಗೆ ಬಂದಾಗ ಮಾತ್ರ ಬೆರಳು ನೆಟ್ಟಗೆ ಹನಿಯ ಮೇಲೇ ಹೋಯಿತಂತೆ. ಆಗ ಅವರ ಸಿಟ್ಟು ಇಳಿಯಿತು.

“ನಾ ಬಸುರಿ ಹೆಂಗಸಿನ ಕಣ್ಣರೆಪ್ಪಿ ಕೆಳಗ ಜಗ್ಗಿ ನೋಡ್ತೀನಿ, ಮೈಯಾಗ ರಕ್ತ ಐತೋ ಇಲ್ಲೋ ಅಂತ. ನೀನೂ ಅದನ್ನ ಮಾಡಾಕತ್ತೀಯಲ್ಲೋ! ಹಚ್ಚಪಾ, ನಿನ್ನ ರೊಟ್ಟಿ ಬಣ್ಣ ಹಚ್ಚು.”

ಕರಿ ಕಾರಿಗೆ ರೊಟ್ಟಿ ಹೊಟ್ಟೆ ಅಂತ ಮಂದಿ ನಕ್ಕರಂತೆ. ಮಕ್ಕಳು ಅದಕ್ಕೆ ಪದ ಕಟ್ಟಿ ಹಾಡಿದರಂತೆ.

ಒಂದು ಬೇಸಿಗೆ ಮಧ್ಯಾಹ್ನ ಅಮ್ಮ ಲಗಮವ್ವ ಅನ್ನುವವಳನ್ನು ಆಸ್ಪತ್ರೆಗೆ ಕರೆತರುತ್ತಿದ್ದರು. ಹೊಟ್ಟೆಯಲ್ಲಿ ಅವಳಿ ಕೂಸು, ನೋವು ಶುರುವಾಗಿತ್ತು. ಅರ್ಧ ದಾರಿಯಲ್ಲಿ ನೀರು ಹಾಕಲು ಬಾನೆಟ್ ಎತ್ತಿದರು. ರೊಟ್ಟಿ ಬಣ್ಣದ ಮೇಲೆ ದಾರದಷ್ಟು ಸಣ್ಣ ಕೆಂಪು ಗೆರೆ. ಆಗಿನ ಪೆಟ್ರೋಲ್ ಕೆಂಪಗೇ ಇರುತ್ತಿತ್ತು; ಅದು ಸೋರಿ ಕಾದ ಕೊಳವೆಯ ಕಡೆಗೆ ಇಳಿಯುತ್ತಿತ್ತು. ಇನ್ನು ಎರಡೇ ಹರದಾರಿ, ಹೊರಡಿರಿ ಅಂತ ಲಗಮವ್ವನ ಅತ್ತೆ ಕೈಮುಗಿದಳಂತೆ. ಅಮ್ಮ ಇನ್ನೊಮ್ಮೆ ಬಗ್ಗಿ ಆ ಗೆರೆ ನೋಡಿದರಂತೆ, ಹೊರಡಲು ಒಪ್ಪಲಿಲ್ಲ. ಆಮೇಲೆ ಲಗಮವ್ವನನ್ನು ಕೆಳಗಿಳಿಸಿ, ಬನ್ನಿ ಗಿಡದ ಕೆಳಗೆ ಮಲಗಿಸಿ, ಸೀರೆ ಮರೆ ಮಾಡಿಸಿದರು. ಹೊಸ ಪೈಪು ತರಲು ಹೊಲದಲ್ಲಿದ್ದ ಒಬ್ಬನನ್ನು ಏಕಪ್ಪನ ಬಳಿಗೆ ಓಡಿಸಿದರು.

ಏಕಪ್ಪನಿಗೆ ಮೊದಲೇ ಕನಸು ಬಿದ್ದಿತ್ತು ಅಂತ ಕೆಲವರು ಹೇಳುತ್ತಾರೆ. ಕನಸೂ ಇಲ್ಲ, ಏನೂ ಇಲ್ಲ. ಅವನು ಹೊಸ ಪೈಪು ಹುಡುಕಿಕೊಂಡು, ಭರಮಣ್ಣನನ್ನು ಹಿಂದೆ ಕೂರಿಸಿಕೊಂಡು, ಬಿಸಿಲಲ್ಲಿ ಸೈಕಲ್ ತುಳಿದು ಬಂದ, ಅಷ್ಟೆ. ಇಂಜಿನ್ನಿನ ಕೆಲಸ ಏಕಪ್ಪನಿಗೆ ಬಾರದು, ಅದು ಗೊತ್ತಿದ್ದ ಭರಮಣ್ಣನಿಗೆ ಕೈ ಆಡದು. “ಆ ನಟ್ಟು ಸಡಲಸು, ಹಾಂ, ಇದನ್ನ ಬಿಗಿ,” ಅಂತ ಭರಮಣ್ಣ ಹೇಳುತ್ತಾ ಹೋದ, ಏಕಪ್ಪ ಮಾಡುತ್ತಾ ಹೋದ. ಮರೆಯಾಚೆ ಒಂದು ಕೂಸು ಅತ್ತಿತು. ಇನ್ನೊಂದೂ ಅತ್ತಿತು. ಆದರೆ ಲಗಮವ್ವನ ರಕ್ತ ನಿಲ್ಲಲಿಲ್ಲ. ಅಷ್ಟರಲ್ಲಿ ಪೈಪು ಕೂತಿತ್ತು. ಅವಳನ್ನು ಎತ್ತಿ ಮಲಗಿಸಿ ಅಮ್ಮ ಆಸ್ಪತ್ರೆಗೆ ಕಾರು ಓಡಿಸಿದರು. ಸಂಜೆಗೆ ಸುದ್ದಿ ಬಂತು: ತಾಯಿ ಬದುಕಿದಳು, ಕೂಸುಗಳೂ ಬದುಕಿದವು. ಏಕಪ್ಪ ಭರಮಣ್ಣನ ಆ ಮುದುಡಿದ ಕೈ ಹಿಡಿದುಕೊಂಡು ಹೋ ಅಂತ ಅತ್ತನಂತೆ.

ಏಕಪ್ಪ ಹೋಗಿ ಎಷ್ಟು ಕಾಲವಾಯಿತೋ. ಅವನದೊಂದು ಫೋಟೋ ಕೂಡ ಇಲ್ಲ. ಆದರೆ ಆ ಸೀಮೆಯಲ್ಲಿ ಈಗಲೂ ಬಸುರಿಯನ್ನು ಕರೆದೊಯ್ಯಲು ಬಾಗಿಲಿಗೆ ಗಾಡಿ ಬಂದರೆ, ಮನೆಯ ಹಿರಿ ಹೆಂಗಸು ಮೊದಲು ಮುಂದೆ ಬರುತ್ತಾಳೆ. “ತಮ್ಮಾ, ಬಾನೆಟ್ ಎತ್ತಿ ತೋರಸು,” ಅನ್ನುತ್ತಾಳೆ. ಅವಳಿಗೆ ಇಂಜಿನ್ ಅಂದರೆ ಏನೂ ತಿಳಿಯದು. ಡ್ರೈವರು ತಕರಾರು ಮಾಡುವುದಿಲ್ಲ, ಎತ್ತುತ್ತಾನೆ. ಅವಳು ಸೆರಗು ಹಿಂದಕ್ಕೆ ಸಿಕ್ಕಿಸಿ, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಹೂಂ ಅನ್ನುತ್ತಾಳೆ. ಆಮೇಲೇ ಸೊಸೆ ಗಾಡಿ ಹತ್ತುತ್ತಾಳೆ.