ಬೂದಿಯಾಗದ ಎಳೆ

"ಕೇಳ್ರಪ್ಪೋ ಕೇಳ್ರಿ! ಯಂತ್ರದ ಬಟ್ಟೆ ಬಂದಿರುವುದರಿಂದ ಬರುವ ಹುಣ್ಣಿಮೆಗೆ ರಾಜ್ಯದ ಕೈಮಗ್ಗಗಳನ್ನೆಲ್ಲ ಒಡೆದು ಅರಮನೆಯ ಒಲೆಗೆ ಹಾಕಲಾಗುವುದು. ದೊರೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!"

ನೇಕಾರರ ಓಣಿಯಲ್ಲಿ ಡಂಗುರದವನು ಹೀಗೆ ಸಾರಿದ. ದೊರೆ ಚಂಡವರ್ಮನಿಗೆ ಊರಲ್ಲಿ ಬೇರೆ ಕಟ್ಟಿಗೆ ಇರಲಿಲ್ಲವೇ? ಅವನು ಹುಟ್ಟಿದಾಗ ಸುತ್ತಿದ್ದು ಇದೇ ಓಣಿಯ ಬಟ್ಟೆ. ಉಂಡ ಮನೆಗೆ ಎರಡು ಬಗೆಯುವವರಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ!

ಆ ಓಣಿಯ ಸಂಕವ್ವ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿ, ಹರಿದ ಎಳೆಗೆ ಗಂಟು ಹಾಕಿ ಬದುಕುವ ಹುಡುಗಿ. ಅವಳ ಅಣ್ಣ ಈರಬಸಪ್ಪ ಓಣಿಗೆಲ್ಲ ಹೆಸರಾದ ನೇಕಾರ. ಅವನೇ ಮೊದಲು ಅರಮನೆಗೆ ಹೋದ.

ದೊರೆ ತನ್ನ ಮಿರಿಮಿರಿ ಶಾಲನ್ನು ತೋರಿಸಿ ಕೇಳಿದ: "ಸೂರ್ಯನನ್ನೇ ಕಾಣದ ತಾಯಿ ಹೆತ್ತ ಮಗು ಇದು. ತಾಯಿ ಯಾರು?"

ಈರಬಸಪ್ಪ ಶಾಲಿನ ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ, "ರೇಷ್ಮಿ ಹುಳ. ಗೂಡಿನ ಕತ್ತಲದಾಗ ನೂಲ್ತೈತಿ" ಎಂದ. ತಪ್ಪಾಯಿತು, ಸೆರೆಗೆ ತಳ್ಳಿದರು. ಬಹುಮಾನದ ಆಸೆಗೆ ಬಂದ ಜವಳಿ ಸಾವುಕಾರ "ಹತ್ತಿಕಾಯಿ" ಎಂದ. ಆಸ್ಥಾನದ ಪಂಡಿತರೊಬ್ಬರು "ಮಾಯೆ" ಎಂದರು. ಮೂವರ ತಲೆಗೂ ಶುಕ್ರವಾರ ಸಂಜೆಯ ಗಡುವು ಬಿತ್ತು.

ಸುದ್ದಿ ಕೇಳಿ ಸಂಕವ್ವನಿಗೆ ದೊರೆಯ ಮೇಲಷ್ಟೇ ಅಲ್ಲ, ಅಣ್ಣನ ಮೇಲೂ ಸಿಟ್ಟು ನೆತ್ತಿಗೇರಿತು. ಮನೆಗೆ ಹೊಸ ನೂಲು ಬಂದರೆ ಹೆಂಗಸರು ಒಂದೆಳೆಯನ್ನು ದೀಪಕ್ಕೆ ಹಿಡಿದು ನೋಡಿಯೇ ಒಳಗಿಡುತ್ತಾರೆ. ಗಂಡಸರಿಗೆ ಮಾತ್ರ ತಮ್ಮ ಬೆರಳಿನ ಮೇಲೆ ಭಾರೀ ನಂಬಿಕೆ.

ಶುಕ್ರವಾರ ಮಧ್ಯಾಹ್ನ ಅವಳು ಅರಮನೆಗೆ ಹೋದಳು. ದೊರೆ ಅದೇ ಒಗಟು ಹಾಕಿದ.

"ಮೊದಲ ಒಂದು ದೀಪ ತರಸ್ರಿ ಮಾರಾಜ್ರ."

ಶಾಲಿನಿಂದ ಒಂದೆಳೆ ಕಿತ್ತು ದೀಪಕ್ಕೆ ಹಿಡಿದಳು. ಅದು ಬೂದಿಯಾಗಲಿಲ್ಲ. ಕರಗಿ, ಮುದುಡಿ, ಕಪ್ಪು ಮಣಿಯಾಗಿ ಗಟ್ಟಿಯಾಯಿತು.

"ಹತ್ತಿ ಸುಟ್ರ ಬೂದಿ ಆಕೈತಿ, ರೇಷ್ಮಿ ಸುಟ್ರ ಕೂದಲದ ವಾಸನಿ ಬರ್ತೈತಿ. ಇದು ಎರಡೂ ಅಲ್ಲ. ಚಿಮಣಿ ಎಣ್ಣಿ ತಗಿತಾರಲ್ಲ, ಭೂಮಿ ಹೊಟ್ಟ್ಯಾಗಿನ ಆ ಕಲ್ಲೆಣ್ಣಿನೇ ಇದರ ತಾಯಿ."

ದೊರೆಯ ಮುಖ ಕಪ್ಪಿಟ್ಟಿತು. "ಉಟ್ಟವನು ಸತ್ತು ಮಣ್ಣಾದರೂ ತಾನು ಮಣ್ಣಾಗದು. ಏನದು?"

ಬಾಗಿಲಲ್ಲಿ ಕಾವಲಿನವರ ನಡುವೆ ನಿಂತಿದ್ದ ಪಂಡಿತರು, ತಲೆ ಉಳಿದೀತೆಂದು, "ಆತ್ಮ! ಆತ್ಮ!" ಎಂದು ಕೂಗಿದರು.

"ಸುಮ್ನಿರ್ರಿ ಅಜ್ಜಾರ! ಮಾರಾಜ್ರ, ಅದೂ ಇದೇ ಶಾಲು. ನಿಮ್ಮ ಅರಮನಿಯವರು ಹರದು ಒಗದದ್ದು ನಮ್ಮ ಹಳ್ಳದಾಗ ಇನ್ನೂ ಕೊಳತಿಲ್ಲ. ಅದನ್ನ ತಿಂದು ನಮ್ಮ ಆಕಳ ಸತ್ತೈತಿ!"

ದೊರೆ ನಕ್ಕ. ಕೊನೆಯದನ್ನು ಇವಳು ಬಿಡಿಸಲಾರಳೆಂದು ಅವನಿಗೆ ಗೊತ್ತಿತ್ತು. "ಹಸಿದವನಿಗೆ ಮೀನು ತರುತ್ತದೆ, ಬೀಳುವವನನ್ನು ಹಿಡಿಯುತ್ತದೆ, ಕೊಯ್ದ ಹೊಟ್ಟೆಯನ್ನು ಕೂಡಿಸುತ್ತದೆ. ಯಾವುದು?"

ಸಂಕವ್ವ ಹಲ್ಲು ಕಚ್ಚಿದಳು. ಉತ್ತರ ಬಾಯಿಗೆ ಬಂದಿತ್ತು, ಆದರೆ ಹೇಳಲು ಮನಸ್ಸಿರಲಿಲ್ಲ. ಓಣಿಯ ಹೊಟ್ಟೆಗೆ ಹೊಡೆದದ್ದನ್ನು ನೇಕಾರರು ಹೊಗಳಲಾರರು ಎಂದೇ ದೊರೆ ಇದನ್ನು ಹೆಣೆದಿದ್ದ. ಹೊರಗೆ ಕೊಡಲಿ ಮಸೆಯುವ ಸದ್ದು ಕೇಳಿತು.

"ಇದೂ ಅದೇ ಎಳಿ," ಎಂದಳು. "ಮೀನಿನ ಬಲಿ ಅದರದು, ಬಾವಿಗೆ ಇಳಿಯವನ ಹಗ್ಗ ಅದರದು. ಹೋದ ವರ್ಷ ನಮ್ಮವ್ವನ ಹೊಟ್ಟಿ ಕೊಯ್ದು ವೈದ್ಯರು ಹೊಲಿದದ್ದೂ ಅದರಾಗೇ. ಅವ್ವ ಉಳದಾಳ, ನಾ ಯಾಕ ಸುಳ್ಳು ಹೇಳ್ಲಿ? ಎಳಿದು ತಪ್ಪಿಲ್ಲ ಮಾರಾಜ್ರ. ಅದು ಬಂತಂತ ನಮ್ಮ ಮಗ್ಗ ಒಡಿಯವರದು ತಪ್ಪು!"

ದೊರೆ ಮೂರೂ ಉತ್ತರ ಸರಿಯೆಂದು ಒಪ್ಪಿ, "ಅರ್ಧ ರಾಜ್ಯ ಬೇಕೇ?" ಎಂದು ಕೇಳಿದ.

"ನಿಮ್ಮ ರಾಜ್ಯ ನೀವಾ ಇಟಗೊಳ್ರಿ. ಸೆರೆಯಾಗಿನ ಮೂರೂ ಮಂದಿನ ಬಿಡ್ರಿ. ಮಗ್ಗ ಮುಟ್ಟಬ್ಯಾಡ್ರಿ. ಮೈಮ್ಯಾಲಿನ ಈ ಶಾಲು ತಗೀಲಾರದ ಬ್ಯಾಸಗಿ ಪೂರಾ ದರ್ಬಾರ ಮಾಡ್ರಿ."

ಅಣ್ಣ ಮನೆಗೆ ಬಂದ. ಅಂದಿನಿಂದ ಎಳೆ ಸುಟ್ಟು ನೋಡದೆ ಯಾವ ನೂಲಿನ ಬಗ್ಗೆಯೂ ಬಾಯಿ ಬಿಡಲಿಲ್ಲ.

ಬೇಸಿಗೆಯ ಎಂಟನೆಯ ದಿನ ಅರಮನೆಯ ಆಳು ಓಣಿಗೆ ಓಡಿ ಬಂದ. ದೊರೆಯ ಮೈಯೆಲ್ಲ ಬೆವರುಸಾಲೆ, ಶಾಲಿನಡಿ ಹೊದೆಯಲು ಒಂದು ಹತ್ತಿ ಪಂಚೆ ಬೇಕಂತೆ, ಈಗಲೇ ಬೇಕಂತೆ.

ಸಂಕವ್ವ ಕಂಡಿಕೆಯಿಂದ ತಲೆ ಎತ್ತಲಿಲ್ಲ.

"ಮಗ್ಗದ ಮ್ಯಾಲ ಅಗಸರ ಮುದುಕಿ ಸೀರಿ ಐತಿ. ಪಾಳಿ ಬರೂತನಕಾ ಕಾಯಾಕ ಹೇಳು."