ಉಸಿರಿನ ಜಾಗ

ಸ್ಪೇನ್ ದೇಶದಲ್ಲಿ ನದಿ ದಂಡೆಯ ಒಂದು ಊರು. ಅಲ್ಲಿ ಪಿಟೀಲು ನುಡಿಸುವವರು ಒಬ್ಬರೂ ಇರಲಿಲ್ಲ. ಊದುವವರು ಮಾತ್ರ ಮನೆಗೊಬ್ಬರಿದ್ದರು, ಅವರೆಲ್ಲ ಸೇರಿ ಒಂದು ಬ್ಯಾಂಡ್.

ದೊಡ್ಡ ನಗರಗಳ ವಾದ್ಯವೃಂದಕ್ಕೆಂದು ಬರೆದ ಸಂಗೀತವನ್ನು ಈ ಊದುವವರಿಗೆ ಹೊಂದುವಂತೆ ತಿರುಗಿಸಿ ಬರೆಯುವುದು ಎಲಿಸೆಯೊ ಅವರ ಕೆಲಸ. ನಲವತ್ತು ವರ್ಷ ಅದನ್ನೇ ಮಾಡಿದ್ದರು. ಊರು ಅವರನ್ನು ಮಾಯೆಸ್ತ್ರೊ ಎನ್ನುತ್ತಿತ್ತು. ನಮ್ಮ ಬಾಯಲ್ಲಾದರೆ ಮೇಷ್ಟ್ರು, ಹೆಚ್ಚು ದೂರವೇನಿಲ್ಲ.

ಕಣ್ಣು ಮಂಜಾಗತೊಡಗಿದಾಗ ಅವರು ಶಿಷ್ಯೆ ಅಂಪಾರೊಗೆ ತಿರುಗಿಸಿ ಬರೆಯಲು ಒಂದು ಕೃತಿ ಕೊಟ್ಟರು. ಊರ ಚೌಕದಲ್ಲಿ ಇದು ಸೈ ಎನಿಸಿಕೊಂಡರೆ ಬರೆಯುವ ಮೇಜು ನಿನ್ನದು, ಇಲ್ಲವಾದರೆ ಈ ಕೆಲಸ ನನ್ನ ಜೊತೆಗೇ ಮುಗಿಯಿತು ಎಂದರು.

ಅಂಪಾರೊ ಮೂರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದಳು. ಪಿಟೀಲಿನ ಸಾಲನ್ನು ಕ್ಲಾರಿನೆಟ್‌ಗಳಿಗೆ ಕೊಟ್ಟಳು. ಒಂದು ಚುಕ್ಕೆಯೂ ಆಚೀಚೆಯಾಗಲಿಲ್ಲ. ಕೊನೆಯಲ್ಲಿ ಮೂವತ್ತೆರಡು ಎಣಿಕೆಯ ಒಂದೇ ಉದ್ದ ಸ್ವರವಿತ್ತು. ಅದನ್ನೂ ಇದ್ದಂತೆಯೇ ಇಳಿಸಿದಳು.

ಅಭ್ಯಾಸದ ದಿನ ಹದಿನೆಂಟನೆಯ ಎಣಿಕೆಗೆ ಕ್ಲಾರಿನೆಟ್ ಊದುವ ಹನ್ನೆರಡು ಜನವೂ ಒಟ್ಟಿಗೇ ಉಸಿರೆಳೆದರು. ಸ್ವರ ಪಟ್ಟನೆ ಕಡಿದುಹೋಯಿತು. ಮತ್ತೆ ಊದಿಸಿದರೂ ಅದೇ ಪಾಡು.

ಅಂಪಾರೊಗೆ ಅವಮಾನದಿಂದ ಕಿವಿ ಬಿಸಿಯಾಯಿತು.

"ಬರಹದಲ್ಲಿ ತಪ್ಪಿಲ್ಲ, ಮೇಷ್ಟ್ರೇ. ಇವರಿಗೇ ದಮ್ಮಿಲ್ಲ."

"ಪಿಟೀಲು ಉಸಿರಾಡುತ್ತಾ?"

"ಇಲ್ಲ."

"ಪಾಸ್ಕುವಾಲ್?"

ಪಾಸ್ಕುವಾಲ್ ಬ್ರೆಡ್ ಸುಡುವವನು, ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಇಪ್ಪತ್ತು ವರ್ಷದ ಹಿಟ್ಟಿನ ಧೂಳು ಅವನ ಎದೆಯಲ್ಲಿತ್ತು. ಅವನ ಕೆಮ್ಮು ಅಂಪಾರೊಗೆ ಗೊತ್ತಿರದ್ದೇನಲ್ಲ, ದಿನವೂ ಬ್ರೆಡ್ ತರುತ್ತಿದ್ದುದು ಅವನಂಗಡಿಯಿಂದಲೇ. ಬರೆಯುವಾಗ ನೆನಪಾಗಿರಲಿಲ್ಲ, ಅಷ್ಟೆ.

ಹಾಳೆಯಲ್ಲಿ 'ಕ್ಲಾರಿನೆಟ್‌ಗಳು' ಎಂದಿದ್ದುದನ್ನು ಮೇಷ್ಟ್ರು ಹೊಡೆದುಹಾಕಿದರು. ಆ ಜಾಗದಲ್ಲಿ ಹನ್ನೆರಡು ಹೆಸರು ಬರೆದುಕೊಂಡು ಬಾ ಎಂದು ಕಳಿಸಿದರು.

ಎರಡು ವಾರ ಅವಳು ಆ ಹನ್ನೆರಡು ಜನರ ನಡುವೆ ಬಾಯಿ ಮುಚ್ಚಿಕೊಂಡು ಕೂತಳು. ಯಾರ ಉಸಿರು ಎಷ್ಟು ಎಣಿಕೆ ಬರುತ್ತದೆಂದು ಗುರುತು ಹಾಕಿಕೊಂಡಳು. ಪಾಸ್ಕುವಾಲನಿಗೆ ಆರು. ಗುಡ್ಡ ಹತ್ತಿಳಿದು ಅಂಚೆ ಹಂಚುವ ರೆಮೆಡಿಯೊಸ್‌ಗೆ ಹದಿನೆಂಟು. ಒಬ್ಬರು ಉಸಿರೆಳೆಯುವಾಗ ಪಕ್ಕದವರು ಊದುತ್ತಿರುವಂತೆ, ಒಂದೊಂದು ಹೆಸರಿನ ಮುಂದೆ ಅವರವರು ಉಸಿರೆಳೆಯಬೇಕಾದ ಜಾಗ ಬರೆದಳು.

ಪಾಸ್ಕುವಾಲ್ ತನ್ನ ಹಾಳೆಯನ್ನು ಬಹಳ ಹೊತ್ತು ನೋಡಿದ.

"ಇಷ್ಟು ವರ್ಷ ಕದ್ದು ಉಸಿರಾಡ್ತಿದ್ದೆ, ತಾಯಿ. ಹೆಸರು ಬರೆದು ಜಾಗ ಕೊಟ್ಟವಳು ನೀನೇ ಮೊದಲು."

ಚೌಕದಲ್ಲಿ ಆ ಸ್ವರ ಮೂವತ್ತೆರಡು ಎಣಿಕೆಯೂ ಕಡಿಯದೆ ಸಾಗಿತು. ಯಾರು ಯಾವಾಗ ಬಿಟ್ಟರು, ಯಾವಾಗ ಸೇರಿದರು ಎಂದು ಸುತ್ತ ನೆರೆದವರಿಗೆ ತಿಳಿಯಲೇ ಇಲ್ಲ. ಅಂಪಾರೊ ಜನರ ಎದುರಿಗೇ ಅತ್ತಳು.

ಮರುದಿನ ಮೇಷ್ಟ್ರು ಮೇಜಿನ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟರು. ಬಯಸಿದ್ದೇ ಸಿಕ್ಕಿದರೂ ಅವಳಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ಇನ್ನೊಂದು ವರ್ಷವಾದರೂ ಜೊತೆಗಿರಿ ಎಂದು ಬೇಡಿಕೊಂಡಳು.

"ನೀವು ಬಿಟ್ಟರೆ ಇದು ಕಡಿದುಹೋಗುತ್ತೆ, ಮೇಷ್ಟ್ರೇ."

ಅವರು ಕುರ್ಚಿಯಿಂದ ಎದ್ದು, ಅದನ್ನು ಅವಳ ಕಡೆಗೆ ಸರಿಸಿದರು.

"ಇದು ನಾನು ಉಸಿರೆಳೆದುಕೊಳ್ಳೋ ಜಾಗ, ಮಗಳೇ. ನೀನು ಊದ್ತಾ ಇರು."