ಅಡಿವೆಪ್ಪ ಕಟ್ಟಿದ ಪಾಯಖಾನೆ

ಜನವರಿ ಹನ್ನೆರಡು, ಸೋಮವಾರ, ಬೆಳಗಿನ ಒಂಬತ್ತು ಗಂಟೆಗೆ ಈ ಕತೆ ಆರಂಭವಾಯಿತು.

ದ್ಯಾಮವ್ವನಿಗೆ ಒಬ್ಬನೇ ಮಗ, ಅಡಿವೆಪ್ಪ. ಗೌಂಡಿ ಕೆಲಸದಲ್ಲಿ ಕೈ ಚುರುಕು, ತಲೆ ಮಾತ್ರ ಮಂಕು. ಕಾಲು ಸೋತ ದ್ಯಾಮವ್ವ ಗಾಲಿಕುರ್ಚಿಯಲ್ಲಿ ಊರಿನ ಹಳೆಯ ವಾಚನಾಲಯಕ್ಕೆ ಹೋಗುವವಳು. ಅಲ್ಲಿನ ಪಾಯಖಾನೆಯ ಬಾಗಿಲಲ್ಲಿ ಕುರ್ಚಿ ಹಿಡಿಯದು. ಆದ್ದರಿಂದ ಮುಂಜಾನೆಯಿಂದ ಹನಿ ನೀರು ಕುಡಿಯದೆ ಹೋಗುವಳು. ಈಗ ಕಟ್ಟಡದ ದುರಸ್ತಿ ಬಂದಿತ್ತು, ಕೆಲಸ ಅಡಿವೆಪ್ಪನಿಗೇ ಸಿಕ್ಕಿತ್ತು.

“ಬಾಗಿಲಾ ಅಗಲ ಮಾಡಪಾ, ನನ್ನ ಕುರ್ಚಿ ಒಳಗ ಹೋಗಬೇಕು.”

ಮಾಡಿದ. ಕುರ್ಚಿ ಒಳಗೆ ಹೋಯಿತು. ಆದರೆ ಒಳಕ್ಕೆ ತೆರೆಯುವ ಬಾಗಿಲು ಕುರ್ಚಿಗೆ ತಾಗಿ ಮುಚ್ಚಲೇ ಇಲ್ಲ! ಓದುತ್ತಿದ್ದವರೆಲ್ಲ ಪತ್ರಿಕೆಗಳಿಂದ ಮುಖ ಮುಚ್ಚಿಕೊಂಡರು.

“ಎಂಥಾ ಮಂಕ ಹುಟ್ಟಿದ್ಯೋ! ಹೊರಗಿನ ಕಡೆ ಇರಬೇಕೋ, ಹೊರಗಿನ ಕಡೆ!”

“ಆತು ಯವ್ವಾ.”

ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದ. ಹಿಡಿದು ಏಳುವ ಕಂಬಿಯನ್ನೂ ಹೊರಗೋಡೆಗೇ ಭದ್ರವಾಗಿ ಕೂರಿಸಿದ. ಸಂಜೆಗೆ ಯಾರೋ ಅದಕ್ಕೆ ಎಮ್ಮೆ ಕಟ್ಟಿದ್ದರು.

“ನೀನ ಅಂದಿದ್ಯಲ್ಲ ಯವ್ವಾ, ಹೊರಗಿನ ಕಡೆ ಅಂತ!”

“ಎಮ್ಮಿಗೆ ಎದ್ದು ನಿಲ್ಲಾಕ ಕಂಬಿ ಬೇಕೇನೋ? ಕುಂತವರ ಕೈಗೆ ಎಟುಕಬೇಕೋ!”

“ಆತು ಯವ್ವಾ.”

ಕಂಬಿ ಒಳಗೆ ಬಂತು. ಮುಂದಿನದು ಚಿಲಕ. ವಾಚನಾಲಯದಲ್ಲಿ ಹಗಲೆಲ್ಲ ಕುಂತವರು ಯಾರು? ಗುಮಾಸ್ತ ಚಂದ್ರಾಯಪ್ಪ! ಅಡಿವೆಪ್ಪ ಅವನ ಮೇಜನ್ನು ಬಾಗಿಲ ಪಕ್ಕಕ್ಕೆ ಎಳೆದು, ಚಿಲಕವನ್ನು ಹೊರಗೆ, ಅವನ ಕೈಗೆ ಎಟುಕುವಂತೆ ಕೂರಿಸಿದ. ದ್ಯಾಮವ್ವ ಒಳಗೆ ಹೋದಳು. ಗುಮಾಸ್ತ ಮರ್ಯಾದೆಯಿಂದ ಚಿಲಕ ಹಾಕಿದ. ಊಟದ ಹೊತ್ತಾಗಿತ್ತು, ಮನೆಗೆ ಹೋದ.

ಬಿಡಿಸಿಕೊಂಡು ಬಂದ ದ್ಯಾಮವ್ವ ಕಿಡಿಕಿಡಿಯಾದಳು.

“ನನ್ನ ಕುರ್ಚಿಯೊಳಗ ನೀನ ಕುಂತು ನೋಡೋ, ಮುಠ್ಠಾಳ! ಕುಂತು ನೋಡದೆ ಯಾವ ಕೆಲಸಾನೂ ಮಾಡಬ್ಯಾಡ!”

“ಆತು ಯವ್ವಾ.”

ಉಳಿದದ್ದು ವಾಚನಾಲಯದ ಮುಂದೆ, ಇಷ್ಟು ದಿನ ಜನ ಕುರ್ಚಿ ಎತ್ತಿ ಹತ್ತಿಸುತ್ತಿದ್ದ ಮೆಟ್ಟಿಲ ಜಾಗದಲ್ಲಿ ಇಳಿಜಾರು. ಬೆಳಗಾಗುತ್ತಲೇ ಅಡಿವೆಪ್ಪ ಅವ್ವನ ಕುರ್ಚಿ ತಳ್ಳಿಕೊಂಡು ಹೋದ. ಹಸಿ ಕಾಂಕ್ರೀಟಿನ ನಡುವೆ ಅದನ್ನಿಟ್ಟ, ಅದರಲ್ಲಿ ಕುಂತ, ಸುತ್ತಲೂ ನುಣ್ಣಗೆ ಕರಣೆ ಎಳೆದ. ಕುಂತಾಯಿತು, ಇನ್ನು ನೋಡಬೇಕಲ್ಲ? ಸಂಜೆಯತನಕ ನೋಡಿದ. ಕಾಂಕ್ರೀಟು ಬಿಗಿದುಕೊಂಡಿತು, ಗಾಲಿ ಸಮೇತ.

ಮನೆಯಲ್ಲಿ ಕಾದು ಸಾಕಾದ ದ್ಯಾಮವ್ವ, ನೆರೆಯವರ ತರಕಾರಿ ತಳ್ಳುಗಾಡಿ ಏರಿ ಬಂದಳು.

“ಯವ್ವಾ, ಕುಂತು ನೋಡಿನಿ! ಕುರ್ಚಿ ಒಂದು ಗೇಣೂ ಜಾರೂದಿಲ್ಲ!”

ದ್ಯಾಮವ್ವ ಬೈಯಲಿಲ್ಲ. ಹೊಸ ಬುದ್ಧಿಯನ್ನೂ ಹೇಳಲಿಲ್ಲ. ಮರುದಿನ ಕಾಂಕ್ರೀಟು ಒಡೆಸಿ ಕುರ್ಚಿ ಬಿಡಿಸಿಕೊಳ್ಳುವುದು, ಮಿಕ್ಕ ಕೆಲಸವನ್ನು ಅದರಲ್ಲಿ ತಾನೇ ಕುಳಿತು ಎದುರಿಗೇ ಮಾಡಿಸುವುದು ಎಂದು ನಿಶ್ಚಯಿಸಿದಳು.